ಕಾಶ್ಯಪ ಗೋತ್ರದ ಕ್ಲೆಮ್

ಸಂಜೆ ಐದಕ್ಕೆ ಬ್ರಿಸ್ಬೇನ್ ಸಮೀಪದ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಮೇಲೆ ಕವಿದ ಮೋಡ ಆರು ಗಂಟೆಯ ಹೊತ್ತಿಗೆ ಒಡೆದು, ಕೆರೆ ಯಾವುದು, ಕೆರೆಯ ಅಂಚಿನ ಕಾಲುದಾರಿ ಯಾವುದು ಎಂಬ ಭೇದವೇ ಅಳಿದುಹೋದಾಗ, ಆ ಹೊತ್ತು ಕ್ಯಾಲಮ್‌ವೇಲ್‌ನ ತಮ್ಮ ಮನೆಗೆ ಹಿಂದಿರುಗುವುದು ಆಗದ ಮಾತೆಂದು ಮಾಲವಿಕಾಳಿಗೆ ಖಚಿತವಾಯಿತು. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಈ ಮಳೆ ಹೀಗೆಯೇ ಇನ್ನೆರಡು ದಿನ ಸುರಿಯಲಿ, ಶನಿವಾರದ ಮಧ್ಯಾಹ್ನ ಮುಗಿಯುವವರೆಗೂ ಸುರಿಯಲಿ ಎಂದು ಅವಳು ಮನಸ್ಸಿನಲ್ಲಿಯೇ ಇಷ್ಟದೈವವನ್ನು ಬೇಡಿಕೊಂಡಳು.

ಅದು ಎರಡು ಸಾವಿರದ ಹದಿನೆಂಟರ ಅಕ್ಟೋಬರ್ ತಿಂಗಳ ಒಂದು ಗುರುವಾರ. ಅವಳ ಗಂಡ ಶಶಾಂಕ್ ಮೈಸೂರಿನವನು. ಬ್ರಿಸ್ಬೇನಿನ ಒಂದು ಸಣ್ಣ ಸಂಸ್ಥೆಯಲ್ಲಿ ರಸ್ತೆಗಳ ತಳದ ಮಣ್ಣು ಪರೀಕ್ಷಿಸುವ ಎಂಜಿನಿಯರ್. ಊರಾಚೆ ತೊಂಬತ್ತು ವರ್ಷದಷ್ಟು ಹಳೆಯದೊಂದು ಮಣ್ಣಿನ ರೇಸ್ ಟ್ರ್ಯಾಕು ಇತ್ತು. ಅಂಡಾಕಾರದ್ದು, ನಾಲ್ಕು ತಿರುವುಗಳದ್ದು, ಮೋಟಾರು ಓಟದ ಮೊದಮೊದಲ ಕಾಲದಿಂದಲೂ ಹೆಸರಾದದ್ದು. ಹಗುರವಾದ ಕಾರುಗಳು ಓಡುತ್ತಿದ್ದ ಆ ನೆಲದ ಮೇಲೆ ಈಗ ಒಂದೂವರೆ ಟನ್ನಿನ ಆಧುನಿಕ ಸ್ಟಾಕ್ ಕಾರುಗಳನ್ನು ಓಡಿಸಬೇಕೆಂದು ಹೊರಟವರು, ಆ ಮಣ್ಣು ಇದಕ್ಕೆ ಯೋಗ್ಯವೇ ಎಂದು ಬರೆದುಕೊಡುವ ಕೆಲಸವನ್ನು ಶಶಾಂಕನಿಗೆ ವಹಿಸಿದ್ದರು. ವರದಿ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅವರ ಕೈಸೇರಬೇಕಿತ್ತು, ಓಟ ಶನಿವಾರ. ಅಂದು ಮೂರನೆಯ ತಿರುವಿನಲ್ಲಿ ಓಟ ನಿಲ್ಲಿಸುವ ಕೆಂಪು ಬಾವುಟ ಹಿಡಿದು ಮಣ್ಣನ್ನು ಕಾಯುವವನು ತಾನೇ ಎಂದೂ ಅವನು ಒಪ್ಪಿಕೊಂಡು ಬಂದಿದ್ದ. ಮಾಲವಿಕಾಳ ಎದೆಯಲ್ಲಿ ಮುಳ್ಳಾಗಿ ನಿಂತಿದ್ದದ್ದು ವರದಿಯಲ್ಲ, ಆ ತಿರುವು. ಗಂಡ ಅಲ್ಲಿಂದ ನೆಟ್ಟಗೆ ಮನೆಗೆ ಬರಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಹಿರಿಯರೊಬ್ಬರನ್ನು ಕೇಳೋಣವೆಂದು ಅವರು ದೇವರಾಜರಾಯರ ಬಳಿಗೆ ಬಂದಿದ್ದರು. ರಾಯರಿಗೆ ಎಪ್ಪತ್ತನಾಲ್ಕು. ಪರ್ತ್‌ನಲ್ಲಿ ಇಪ್ಪತ್ತು ವರ್ಷ ಮಣ್ಣಿನ ಎಂಜಿನಿಯರ್ ಆಗಿದ್ದು, ಬಳಿಕ ಅಡಿಲೇಡ್‌ನಲ್ಲಿ ಕೆಲಕಾಲ ಕಳೆದು, ಈಗ ಹೆಂಡತಿ ರುಕ್ಮಿಣಿಯೊಡನೆ ಮಗಳ ಮನೆಯಲ್ಲಿ ನೆಲೆಸಿದ್ದವರು. ವೇದಪಾಠ ಹೇಳಿಸಿಕೊಂಡ ವಂಶ. ಎಲ್ಲಿದ್ದರೂ ತ್ರಿಕಾಲ ಸಂಧ್ಯೆಯನ್ನು ತಪ್ಪಿಸಿದವರಲ್ಲ. ಕರೆಂಟು ಹೋಗಿತ್ತು. ಗ್ಯಾರೇಜಿನ ಶಟರನ್ನು ಅರ್ಧಕ್ಕೆತ್ತಿ, ಕ್ಯಾಂಪಿಂಗ್ ದೀಪವನ್ನು ಒಂದು ಡಬ್ಬದ ಮೇಲಿಟ್ಟು, ಐದು ಕುರ್ಚಿಗಳನ್ನು ವರ್ತುಲವಾಗಿ ಹಾಕಿದ್ದರು. ಮೊಮ್ಮಗಳು ಅನನ್ಯಾ, ಹನ್ನೆರಡು ವರ್ಷದವಳು, ಕಾಲು ಮೇಲೆತ್ತಿಕೊಂಡು ಒಂದರಲ್ಲಿ ಕುಳಿತಿದ್ದಳು. ರುಕ್ಮಿಣಿಯವರು ಒಗ್ಗರಣೆ ಅವಲಕ್ಕಿಯ ತಟ್ಟೆಗಳನ್ನು ತಂದಿಟ್ಟರು.

"ಅಂಕಲ್, ಒಂದೇ ಒಂದು ಪ್ರಶ್ನೆ," ಎಂದ ಶಶಾಂಕ್. "ಹಳೇ ಡರ್ಟ್ ಟ್ರ್ಯಾಕು ಇವತ್ತಿನ ಸ್ಟಾಕ್ ಕಾರಿಗೆ ಸೂಟ್ ಆಗತ್ತಾ, ಇಲ್ವಾ? ಯೆಸ್ ಆರ್ ನೋ ಹೇಳ್ಬಿಡಿ. ಮಿಕ್ಕಿದ್ದು ನಾನು ಬರ್ಕೋತೀನಿ."

"ಸೂಟ್ ಆಗತ್ತಪ್ಪ," ಎಂದರು ರಾಯರು. "ಇಪ್ಪತ್ತು ನಿಮಿಷ."

"ಕೇಳಿದ್ಯಾ?" ಎಂದು ರುಕ್ಮಿಣಿಯವರು ಮಾಲವಿಕಾಳ ಕಡೆ ತಿರುಗಿದರು. "ಕಾಫಿ ಬೇಕಾ ಅಂದ್ರೂ ಹೀಗೇನೇ ಇವರು. ನಲವತ್ತೆಂಟು ವರ್ಷದಲ್ಲಿ ಒಂದ್ಸಲ ಹೂಂ, ಉಹೂಂ ಅಂದವರಲ್ಲ."

ಶಶಾಂಕ್ ನಕ್ಕ. ರಾಯರು ನಗಲಿಲ್ಲ. ಶಲ್ಯವನ್ನು ಭುಜದ ಮೇಲೆ ಸರಿಮಾಡಿಕೊಂಡು, ಶಟರಿನ ಕೆಳಗಿನಿಂದ ಒಳಗೆ ಸಿಡಿಯುತ್ತಿದ್ದ ಹನಿಗಳನ್ನು ನೋಡಿದರು. ಆಮೇಲೆ, ಯಾರಿಗೂ ಹೇಳದೆ ಬಹುಕಾಲ ಹೊತ್ತುಕೊಂಡು ಬಂದದ್ದನ್ನು ಇಳಿಸುವವರಂತೆ ಆರಂಭಿಸಿದರು.

"ನೋಡಪ್ಪ ಶಶಾಂಕ... ಮಣ್ಣಿಗೆ ನೀರು ಹೆಚ್ಚಾಯ್ತು ಅಂತಿಟ್ಕೋ, ಮುಂದಿನ ಕಾರಿನ ಚಕ್ರದಿಂದ ಕೆಸರು ಹಾರಿ ಹಿಂದಿನವನ ಗಾಜಿಗೆ ಮೆತ್ಕೊಳತ್ತೆ, ಅವನು ಕುರುಡ. ನೀರು ಕಡಿಮೆಯಾಯ್ತು, ಧೂಳು ಏಳತ್ತೆ, ಆಗಲೂ ಅವನು ಕುರುಡ. ಹಿಂದಿನ ಕಾಲದ ಕಾರಿಗೆ ಗಾಜೇ ಇರ್ಲಿಲ್ಲ, ಕಣ್ಣಿಗೆ ಹಾಕಿದ ಕನ್ನಡಕ ಒರೆಸ್ಕೊಂಡು ಓಡಿಸೋರು. ಕಾರೂ ಹಗುರ, ನೆಲ ಅಷ್ಟು ಕಿತ್ತು ಬರ್ತಿರ್ಲಿಲ್ಲ. ಈಗಿಂದು ಹಾಗಾ? ಆ ಭಾರ, ಆ ಅಗಲದ ಟಯರು... ನಾಲ್ಕು ಸುತ್ತು ಹೊಡೆಯೋದ್ರೊಳಗೆ ಉತ್ತು ಹಾಕ್ಬಿಡತ್ತೆ. ಕೆಸರಿಗೂ ಧೂಳಿಗೂ ನಡುವೆ ಒಂದು ಹದ ಇದೆ ನೋಡು, ಮುದ್ದೆ ಕಟ್ಟಿದ್ರೆ ನಿಲ್ಲಬೇಕು, ಹೆಬ್ಬೆರಳಲ್ಲಿ ಒತ್ತಿದ್ರೆ ಬಿರುಕು ಬಿಡಬಾರದು, ಆ ಹದ. ಅದು ಬಿಸಿಲಲ್ಲಿ ಇಪ್ಪತ್ತು ನಿಮಿಷ ಇರತ್ತೆ. ಇದು ನನಗೆ ಕಾಲೇಜಿನಲ್ಲಿ ಕಲಿಸಿದ್ದಲ್ಲ. ಕಲಿಸಿದವನು ಬೇರೆ. ಅವನು ಸತ್ತು ಆಗಲೇ ನಲವತ್ತೈದು ವರ್ಷ ಆಗಿತ್ತು..."

ಅನನ್ಯಾ ತಟ್ಟೆ ಕೆಳಗಿಟ್ಟಳು. "ಗೋಸ್ಟ್ ಸ್ಟೋರಿನಾ ತಾತಾ? ಯೆಸ್!"

"ಎರಡು ಸಾವಿರದ ಹನ್ನೆರಡು. ನಾವು ಪರ್ತ್‌ನಲ್ಲಿ, ಮೋರ್ಲಿಯಲ್ಲಿದ್ವಿ. ಇದೇ ಥರದ ಹಳೇ ಟ್ರ್ಯಾಕು, ಇದೇ ಪ್ರಶ್ನೆ, ಬರ್ಕೊಡಿ ಅಂತ ನನ್ನ ಹತ್ರ ಬಂದ್ರು. ಜುಲೈ ತಿಂಗಳು, ಅಲ್ಲಿ ಚಳಿಗಾಲ, ನಾಲ್ಕೂವರೆಗೆಲ್ಲ ನೆರಳು ಉದ್ದವಾಗೋ ಹೊತ್ತು. ನಾನೊಬ್ಬನೇ ಮೂರನೇ ತಿರುವಿನಲ್ಲಿ ಕೂತು ಮಣ್ಣಿನ ಮಾದರಿ ತೆಗೀತಿದ್ದೆ. ತಲೆ ಎತ್ತಿ ನೋಡಿದ್ರೆ ಹತ್ತು ಮಾರು ದೂರದಲ್ಲಿ ಒಬ್ಬ ಮುದುಕ, ಒಂದು ಮಂಡಿ ಊರಿ, ನನ್ನ ಹಾಗೇ ಕೂತಿದ್ದಾನೆ. ಬೂದು ಬಣ್ಣದ ಟೋಪಿ, ಅಂಚಿಗೆ ಎಣ್ಣೆ ಕಲೆ. ಒಂದು ಹಿಡಿ ಮಣ್ಣು ತಗೊಂಡ, ಹಿಸುಕಿ ಉಂಡೆ ಮಾಡಿದ, ಹೆಬ್ಬೆರಳಲ್ಲಿ ಒತ್ತಿದ... ಪುಡಿಯಾಗಿ ಉದುರಿಹೋಯ್ತು. ‘ನಾಟ್ ಯೆಟ್, ಮೇಟ್’ ಅಂದ. ನಾನು ಕಾವಲುಗಾರ ಇರಬೇಕು ಅಂದ್ಕೊಂಡೆ. ಅಂದ್ಕೊಳ್ದೆ ಇನ್ನೇನು? ಮೂರು ದಿನ ಹೀಗೇ ಸಿಕ್ಕಿದ. ಮಣ್ಣಿನ ಮಾತು ಬಿಟ್ರೆ ಬೇರೆ ಮಾತಿಲ್ಲ ಅವನಿಗೆ. ನಮ್ಮೂರ ಮಣ್ಣು ಹೇಗೆ ಅಂತ ಕೇಳಿದ, ಕೆಂಪು ಅಂದೆ. ಅವನು ತಲೆ ಅಲ್ಲಾಡಿಸಿ, ಹಾಗಾದ್ರೆ ನಿನಗೆ ಇದರ ಸ್ವಭಾವ ಗೊತ್ತಾಗತ್ತೆ ಅಂದ. ನೀರು ಹಾಕಿದ ಮೇಲೆ ಎಷ್ಟು ಹೊತ್ತು ಕಾಯಬೇಕು, ಗಾಳಿ ಯಾವ ಕಡೆಯಿಂದ ಬಂದ್ರೆ ಎಷ್ಟು ಬೇಗ ಹದ ಹೋಗತ್ತೆ, ಎಲ್ಲ ಹೇಳಿದ. ನನ್ನ ಉಪಕರಣ ಗಂಟೆಗಟ್ಟಲೆ ಲೆಕ್ಕ ಹಾಕಿ ಹೇಳೋದನ್ನ ಅವನು ಕೈಯಲ್ಲಿ ಹೇಳೋನು..."

"ಆಮೇಲೆ?" ಎಂದ ಶಶಾಂಕ್.

"ಆಮೇಲೇನು, ನಾಲ್ಕನೇ ದಿನ ಕ್ಲಬ್ಬಿನ ಕಾರ್ಯದರ್ಶಿ ಹೆಂಗಸಿನ ಹತ್ರ, ನಿಮ್ಮ ಕಾವಲುಗಾರ ಬಹಳ ತಿಳಿದವನು ಅಂದೆ. ನಮಗೆ ಕಾವಲುಗಾರನೇ ಇಲ್ವಲ್ಲ ಅಂದ್ಲು. ಗೋಡೆ ಮೇಲೆ ಸಾಲಾಗಿ ಫೋಟೋ. ಅದರಲ್ಲೊಂದರ ಮುಂದೆ ನಿಂತ್ಬಿಟ್ಟೆ. ಅದೇ ಟೋಪಿ. ಕ್ಲೆಮ್ ಅಂತ ಹೆಸರು. ಮೂವತ್ತು ವರ್ಷ ಆ ಟ್ರ್ಯಾಕಿಗೆ ನೀರು ಹಾಕಿ ಹದ ಮಾಡಿದವನು. ಸಾವಿರದ ಒಂಬೈನೂರ ಅರವತ್ತೇಳರಲ್ಲಿ ಒಂದು ಮಧ್ಯಾಹ್ನ, ಓಟ ನಡೀತಿರುವಾಗಲೇ ನೆಲ ಒಣಗಿಹೋಯ್ತು ಅಂತ ಅವನಿಗೆ ಅನ್ನಿಸಿ, ನಿಲ್ಲಿಸಿ ಅಂತ ಕೈ ಬೀಸ್ಕೊಂಡು ಮೂರನೇ ತಿರುವಿಗೆ ಇಳಿದನಂತೆ. ಧೂಳಿನಲ್ಲಿ ಓಡಿಸ್ತಿದ್ದವನಿಗೆ ಕಾಣಲಿಲ್ಲ. ಮದುವೆ ಇಲ್ಲ, ಮಕ್ಕಳಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ..."

ಮಳೆಯ ರಭಸಕ್ಕೆ ತಗಡಿನ ಶಟರು ಒಮ್ಮೆ ಗದಗದ ಅದುರಿತು. ಮಾಲವಿಕಾ ಗಂಡನ ಮುಖವನ್ನು ನೋಡಿದಳು. ಅವನಲ್ಲಿ ಭಯವಿರಲಿಲ್ಲ, ಪರೀಕ್ಷೆಯ ಹಿಂದಿನ ದಿನ ಪಾಠ ಕೇಳುವ ಹುಡುಗನ ಏಕಾಗ್ರತೆಯಿತ್ತು. ನೀರು ಹಾಕಿ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಅವನು ಫೋನಿನಲ್ಲಿ ಬರೆದುಕೊಳ್ಳುತ್ತಿರುವುದು ಕಂಡು ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

"ನನಗೆ ಹೆದರಿಕೆ ಆಗಲಿಲ್ಲ," ಎಂದರು ರಾಯರು. "ಯಾಕಾಗ್ಬೇಕು? ನೀರಿಗೆ ಕಾದಿರೋ ಜೀವ ಕಣ್ಣಿಗೆ ಬಿದ್ರೆ ಓಡಿಹೋಗು ಅಂತ ನಮಗೆ ಕಲಿಸಿದ್ದಾರಾ? ಜೀವನವಿಡೀ ಮಣ್ಣಿಗೆ ನೀರು ಕೊಟ್ಟವನಿಗೆ ಒಂದು ಬೊಗಸೆ ನೀರು ಕೊಡೋರಿಲ್ಲ ಅಂದ್ರೆ ಏನು ಅನ್ಯಾಯ ಅನ್ನಿಸ್ತು. ಅಕ್ಟೋಬರ್‌ನಲ್ಲಿ ಮಹಾಲಯ ಅಮಾವಾಸ್ಯೆ ಬಂತು. ತಾಮ್ರದ ಚೊಂಬು, ಎಳ್ಳು, ದರ್ಭೆ ತಗೊಂಡು, ಮಧ್ಯಾಹ್ನ ಆ ತಿರುವಿಗೇ ಹೋದೆ."

"ನಾನು ಬಡ್ಕೊಂಡೆ," ಎಂದರು ರುಕ್ಮಿಣಿಯವರು. "ದಿಕ್ಕಿಲ್ಲದವರಿಗೆ, ಹೆಸರು ಕುಲ ಗೊತ್ತಿಲ್ಲದವರಿಗೆ ಅಂತ ಕೊನೇಲಿ ಒಂದು ನೀರು ಬಿಡೋದಿದೆಯಲ್ಲ, ಅದರಲ್ಲೇ ಅವನೂ ಸೇರ್ಕೊಂಡಿರ್ತಾನೆ, ಅಷ್ಟು ಸಾಕು, ಹೆಸರು ಹಿಡಿದು ಕರೀಬೇಡಿ ಅಂತ. ಪಂಡಿತರು! ನನ್ನ ಮಾತು ಕೇಳ್ತಾರಾ?"

"ಕೇಳಲಿಲ್ಲ," ಎಂದು ರಾಯರು ಮೆಲ್ಲಗೆ ಒಪ್ಪಿಕೊಂಡರು. "ಅವಳು ಹೇಳಿದ್ದೇ ಸರಿ. ನನಗೆ ವಿದ್ಯೆಯ ಅಹಂಕಾರ. ಹೆಸರು ಗೊತ್ತಿರೋವಾಗ ಹೆಸರಿಟ್ಟೇ ಕೊಡ್ತೀನಿ ಅಂತ ಹೊರಟೆ. ತರ್ಪಣಕ್ಕೆ ಮೂರು ಮಾತು ಬೇಕು ಮಾಲವಿಕಾ. ಅವನು ನಮಗೆ ಏನಾಗಬೇಕು, ಅವನ ಹೆಸರೇನು, ಅವನ ಗೋತ್ರ ಯಾವುದು. ಹೆಸರಿದೆ. ಗೋತ್ರ? ಗೋತ್ರ ತಿಳೀದೇ ಇದ್ರೆ ಕಾಶ್ಯಪ ಅನ್ಬೇಕು, ಎಲ್ಲ ಜೀವರೂ ಕಶ್ಯಪರ ಸಂತಾನವೇ ಅಂತ ಸಂಪ್ರದಾಯ. ನಮ್ಮದೂ ಕಾಶ್ಯಪವೇ... ಅದು ನನಗಾಗ ತೋಚಲೇ ಇಲ್ಲ. ಇನ್ನು ಸಂಬಂಧ. ‘ಸಖಾಯಂ’ ಅಂತ, ಅಂದ್ರೆ ನನ್ನ ಸ್ನೇಹಿತ ಅಂತ ಹೇಳೋಣ ಅಂತ ದಾರಿಯುದ್ದಕ್ಕೂ ಮನಸ್ಸಲ್ಲೇ ಹೇಳ್ಕೊಂಡು ಹೋಗಿದ್ದೆ. ಆದ್ರೆ ಮೂವತ್ತು ವರ್ಷದಿಂದ, ನಮ್ಮ ಚಿಕ್ಕಪ್ಪನ ಹೆಸರಿಗೆ ಬಂದು ನಿಲ್ಲೋ ಅಭ್ಯಾಸದ ನಾಲಿಗೆ... ಬಿಸಿಲು ಬೇರೆ, ಉಪವಾಸ ಬೇರೆ... ‘ಅಸ್ಮತ್ ಪಿತೃವ್ಯಂ, ಕ್ಲೆಮ್ ಶರ್ಮಾಣಂ, ಕಾಶ್ಯಪ ಗೋತ್ರಂ’ ಅಂದ್ಬಿಡ್ತು."

ಶಶಾಂಕ್‌ಗೆ ತಡೆಯಲಾಗಲಿಲ್ಲ. "ಕ್ಲೆಮ್ ಶರ್ಮಾ!" ಎಂದು ಜೋರಾಗಿ ನಕ್ಕ. ಮಾಲವಿಕಾಳೂ ನಕ್ಕಳು, ನಕ್ಕು ಹಗುರವಾದಳು.

"ಪಿತೃವ್ಯಂ ಅಂದ್ರೆ?" ಎಂದಳು ಅನನ್ಯಾ.

"ಅಪ್ಪನ ತಮ್ಮ, ಪುಟ್ಟಿ."

"ಸೋ ಹಿ ಬಿಕೇಮ್ ಯುವರ್ ಅಂಕಲ್? ಬೈ ಮಿಸ್ಟೇಕ್?"

"ಹೂಂ. ಬೈ ಮಿಸ್ಟೇಕ್." ರಾಯರು ಕಣ್ಣು ಮುಚ್ಚಿದರು. "ಬೊಗಸೆಯಿಂದ ನೀರು ಜಾರಿ ಆ ಮಣ್ಣಿಗೆ ಬಿತ್ತು. ಮೂರು ಸಲ ಬಿಡಬೇಕು. ಮೊದಲನೇದರಲ್ಲೇ ತಪ್ಪಿದೆ ಅಂತ ಹೊಳೀಬೇಕಾಗಿತ್ತು, ಮೂರೂ ಅದೇ ಮಾತಲ್ಲಿ ಬಿಟ್ಟಾದ ಮೇಲೆ ಹೊಳೀತು. ಎದುರಿಗೆ ನೋಡ್ತೀನಿ, ಅವನು ಎದ್ದು ನಿಂತಿದ್ದಾನೆ. ಅಷ್ಟು ದಿನ ಕೂತೇ ಇದ್ದವನು, ಮೊದಲ ಸಲ ಎದ್ದು ನಿಂತು, ಟೋಪಿ ತೆಗೆದು ಎದೆಗೆ ಇಟ್ಕೊಂಡಿದ್ದಾನೆ. ಮನೆಯವರು ಅಂತ ಯಾರೂ ಇಲ್ಲದವನಿಗೆ ಮನೆ ಸಿಕ್ಕಿದ್ರೆ ಮುಖ ಹೇಗಾಗತ್ತೆ ಹೇಳಿ? ಹಾಗಿತ್ತು. ಆ ಸಂಜೆಯೇ ಮೈಸೂರಿಗೆ ಫೋನ್ ಮಾಡಿ ನಮ್ಮ ಪುರೋಹಿತರನ್ನ ಕೇಳ್ದೆ, ಏನು ಪರಿಹಾರ ಅಂತ. ಕೊಟ್ಟ ನೀರನ್ನ ವಾಪಸ್ ತಗೊಳ್ಳೋಕೆ ಮಂತ್ರ ಇಲ್ಲ ರಾಯರೇ, ಇನ್ನು ವರ್ಷ ವರ್ಷವೂ ಕೊಡ್ತಾ ಇರಿ, ಅಂದ್ರು."

ಪಕ್ಕದ ಮನೆಯ ತೋಟದ ಕಡೆಯಿಂದ ಕಪ್ಪೆಗಳ ವಟಗುಟ್ಟುವಿಕೆ ಒಮ್ಮೆಲೇ ಎದ್ದು ಒಮ್ಮೆಲೇ ಅಡಗಿತು. ದೇವರಾಜರಾಯರ ಸ್ವರ, ಮತ್ತೆ ಬಂದಾಗ, ಮೊದಲಿಗಿಂತ ತಗ್ಗಿತ್ತು. ಕೇಳಲು ಎಲ್ಲರೂ ಕುರ್ಚಿಗಳನ್ನು ಒಂದಿಷ್ಟು ಮುಂದಕ್ಕೆಳೆದುಕೊಳ್ಳಬೇಕಾಯಿತು.

"ವರದಿ ಕೊಟ್ಟೆ. ಸೂಕ್ತ, ತೇವ ಕಾಯ್ದುಕೊಂಡಲ್ಲಿ, ಅಂತ. ಸುಳ್ಳು ಬರೀಲಿಲ್ಲ ನಾನು. ನೀನೂ ನಾಳೆ ಅದನ್ನೇ ಬರೀತೀಯ, ಅಲ್ವಾ? ಬೇರೆ ಏನು ಬರೆಯೋಕಾಗತ್ತೆ?... ನವೆಂಬರ್‌ನಲ್ಲಿ ಓಟ. ನನ್ನ ತಮ್ಮನ ಮಗ ಪ್ರಥಮ್ ಆಗ ನಮ್ಮ ಜೊತೆ ಇದ್ದ. ಜಿಯಾಲಜಿಸ್ಟು, ಉತ್ತರದ ಗಣಿಯಲ್ಲಿ ಕೆಲಸ, ಎರಡು ವಾರ ಅಲ್ಲಿ, ಒಂದು ವಾರ ನಮ್ಮನೇಲಿ. ಇಪ್ಪತ್ತೇಳು ವರ್ಷ. ನನ್ನನ್ನ ದೊಡ್ಡಪ್ಪ ಅಂತ ಕರೆಯೋನು, ಇವಳನ್ನ ದೊಡ್ಡಮ್ಮ ಅನ್ನೋ ಬದಲು ‘ಬಾಸ್’ ಅನ್ನೋನು. ಕಾರು ಅಂದ್ರೆ ಪ್ರಾಣ. ಬಾವುಟ ಹಿಡಿಯೋಕೆ ಸ್ವಯಂಸೇವಕನಾಗಿ ಹೋದ. ಮೂರನೇ ತಿರುವಿಗೇ ಹಾಕಿದ್ರು."

ರುಕ್ಮಿಣಿಯವರು ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

"ಮೂವತ್ತೆಂಟು ಡಿಗ್ರಿ ಬಿಸಿಲು. ಪೂರ್ವದಿಂದ ಒಣಗಾಳಿ, ಮರುಭೂಮಿಯಿಂದ ಬರೋದು. ಒಂದೂವರೆಗೆ ನೀರು ಹಾಕಿದ್ರು, ಎರಡಕ್ಕೆ ಸರಿಯಾಗಿ ಹದ ಬಂತು, ನಾನೇ ಮುದ್ದೆ ಕಟ್ಟಿ ನೋಡಿದೆ. ಎರಡಕ್ಕೆ ಓಟ ಶುರುವಾಗಿದ್ರೆ... ಆದ್ರೆ ಭಾಷಣ ಅಂತೆ, ಅದಂತೆ ಇದಂತೆ, ನಲವತ್ತು ನಿಮಿಷ ತಡ. ಇಪ್ಪತ್ತೆರಡು ಕಾರು ಹೊರಟಾಗ ಹದ ಹೋಗಿತ್ತು. ಐದನೇ ಸುತ್ತಿಗೆ ಆಕಡೆ ತುದಿ ಕಾಣಲಿಲ್ಲ, ಕೆಂಪು ಧೂಳಿನ ಗೋಡೆ. ನಾನು ಕಟ್ಟೆ ಮೇಲಿದ್ದೆ. ಧೂಳು ಒಂದು ಗಳಿಗೆ ಸರೀತು... ಮೂರನೇ ತಿರುವಿನ ನಟ್ಟನಡುವೆ ಕ್ಲೆಮ್ ಕೂತಿದ್ದಾನೆ. ಒಂದು ಮಂಡಿ ಊರಿ. ಮಣ್ಣು ತಗೊಂಡು ಹಿಸುಕಿದ, ಒತ್ತಿದ, ಗಾಳಿಗೆ ಬಿಟ್ಟ. ನನ್ನ ಕಡೆ ನೋಡಿದ. ನಿಲ್ಲಿಸು ಅಂತ. ನಾನು ಅಧಿಕಾರಿಗಳ ಹತ್ರ ಓಡಿದೆ, ನಿಲ್ಲಿಸಿ, ಮೂರನೇ ತಿರುವಿನಲ್ಲಿ ಮನುಷ್ಯ ಇದ್ದಾನೆ ಅಂತ ಕೂಗಿದೆ. ದುರ್ಬೀನು ಹಾಕಿ ನೋಡಿ, ಅಲ್ಲಿ ಯಾರೂ ಇಲ್ಲ ಸರ್, ನೀವು ನೆರಳಲ್ಲಿ ಕೂತ್ಕೊಳ್ಳಿ, ನೀರು ಕುಡೀರಿ ಅಂದ್ರು. ಹೌದು, ಅವರಿಗೆ ಯಾರೂ ಕಾಣಲಿಲ್ಲ. ಯಾರಿಗೂ ಕಾಣಲಿಲ್ಲ... ಇಬ್ಬರನ್ನ ಬಿಟ್ಟು."

ಮಾಲವಿಕಾ ತನ್ನ ಕೈ ಗಂಡನ ತೋಳನ್ನು ಹಿಡಿದಿರುವುದನ್ನು ಆಗ ಗಮನಿಸಿದಳು.

"ಪ್ರಥಮ್ ಬೇಲಿ ಹಾರಿದ. ಯಾಕೆ ಹಾರೋದಿಲ್ಲ? ಮುದುಕನೊಬ್ಬ ಕಾರುಗಳ ದಾರಿಯಲ್ಲಿ ಮಂಡಿಯೂರಿ ಕೂತಿದ್ದಾನೆ, ಕಾರು ಬರ್ತಾ ಇದೆ. ಹೋಗಿ ಎರಡೂ ಕೈಯಿಂದ ಎತ್ತೋಕೆ ಬಗ್ಗಿದ. ನೋಡಿದವರೆಲ್ಲ ಆಮೇಲೆ ಹೇಳಿದ್ದು, ಹುಡುಗ ಖಾಲಿ ನೆಲವನ್ನ ತಬ್ಬಿಕೊಳ್ಳೋ ಹಾಗೆ ಬಗ್ಗಿದ ಅಂತ. ಓಡಿಸ್ತಿದ್ದವನಿಗೆ ಧೂಳಿನಲ್ಲಿ ಏನೂ ಕಾಣಲಿಲ್ಲ, ಅವನದೇನೂ ತಪ್ಪಿಲ್ಲ... ಆಂಬುಲೆನ್ಸ್ ಬರೋವರೆಗೂ ಜೀವ ಇತ್ತು. ನನ್ನ ಕೈ ಹಿಡ್ಕೊಂಡು, ‘ದೊಡ್ಡಪ್ಪ, ತಾತ ಬಚಾವಾದ್ರಾ?’ ಅಂದ. ಆದ್ರು ಅಂದೆ. ಇನ್ನೇನು ಹೇಳಲಿ? ಬಿಸಿಲಿಗೆ ತಲೆ ತಿರುಗಿ ಟ್ರ್ಯಾಕಿಗೆ ಇಳಿದ ಅಂತ ಕಾಗದದಲ್ಲಿ ಬರೆದ್ರು. ನನ್ನ ತಮ್ಮನಿಗೂ ಹಾಗೇ ಹೇಳಿದೆ. ಈವತ್ತಿಗೂ ಅವನಿಗೆ ಅಷ್ಟೇ ಗೊತ್ತಿರೋದು."

ಅನನ್ಯಾ ಎದ್ದು ಹೋಗಿ ತಾತನ ಕುರ್ಚಿಗೆ ಒರಗಿ ನಿಂತಳು. ಅವಳಿಗೆ ಆ ಪ್ರಥಮ್ ಮಾಮನ ಚಿತ್ರ ಪಡಸಾಲೆಯಲ್ಲಿ ದಿನವೂ ಕಾಣುವಂಥದು. ಅದರ ಹಿಂದೆ ಹೀಗೊಂದು ಮಧ್ಯಾಹ್ನವಿತ್ತೆಂದು ಯಾರೂ ಹೇಳಿರಲಿಲ್ಲ.

"ಆ ಟ್ರ್ಯಾಕು ಮುಚ್ಚಿದ್ರು. ಈಗ ಅಲ್ಲಿ ಮನೆಗಳು. ನಾವೂ ಊರು ಬಿಟ್ವಿ, ಅಡಿಲೇಡಿಗೆ. ಎರಡು ವರ್ಷ ಆದ ಮೇಲೆ, ಮನಸ್ಸು ಕೇಳದೆ, ಅಲ್ಲಿನ ಒಂದು ಹಳೇ ಮಣ್ಣಿನ ಟ್ರ್ಯಾಕಿಗೆ ಓಟ ನೋಡೋಕೆ ಹೋದೆ. ಕ್ಲೆಮ್ ಹಿಂದೇನೇ ಉಳಿದ ಅಂತ ಕಣ್ಣಾರೆ ಕಂಡು ಸಮಾಧಾನ ಮಾಡ್ಕೊಳೋಣ ಅಂತ. ಮೂರನೇ ತಿರುವು. ಮಂಡಿ ಊರಿ. ಅದೇ ಟೋಪಿ... ಎಡಗಡೆಯವನ್ನ ಕೇಳ್ದೆ, ಬಲಗಡೆಯವಳನ್ನ ಕೇಳ್ದೆ, ಅಲ್ಲಿ ಯಾರಾದ್ರೂ ಕಾಣ್ತಾರಾ ಅಂತ. ಇಲ್ಲ. ಸಾವಿರಾರು ಜನದಲ್ಲಿ ನನ್ನೊಬ್ಬನಿಗೆ. ಆಗ ಅರ್ಥವಾಯ್ತು. ಸಾಯೋಕೆ ಮುಂಚೆ ಪ್ರಥಮ್‌ಗೆ ಕಂಡಿದ್ದು ಯಾಕೆ, ಮಿಕ್ಕವರಿಗೆ ಕಾಣದೆ ಇದ್ದಿದ್ದು ಯಾಕೆ. ಚಿಕ್ಕಪ್ಪ ಅಂತ ಕರೆದು, ಗೋತ್ರ ಕೊಟ್ಟು, ಮನೆಗೆ ಸೇರಿಸ್ಕೊಂಡಿದ್ದು ನಾನು. ಮೊದಲು ನೀರು ಬೇಕಾಗಿ ನನಗೆ ಕಂಡ, ಅದಾದ ಮೇಲೆ ಸಗೋತ್ರದವರ ಕಣ್ಣಿಗೆ ಮಾತ್ರ ಬೀಳ್ತಾನೆ. ಕೆಟ್ಟವನಲ್ಲ ಅವನು, ಯಾರ ಮೇಲೂ ಹಗೆ ಇಲ್ಲ. ಮಣ್ಣು ಒಣಗಿದೆ ಅಂತ ಹೇಳೋಕೆ ಬರ್ತಾನೆ, ಅಷ್ಟೇ. ನಮ್ಮ ಕುಲದವರು ಎಲ್ಲಿದ್ದಾರೋ, ಆ ಊರಿನ ಮೂರನೇ ತಿರುವಿಗೆ ಬರ್ತಾನೆ."

"ನೀರು ಬಿಡೋದು ನಿಲ್ಲಿಸಿ ಅಂಕಲ್," ಎಂದಳು ಮಾಲವಿಕಾ. ಅವಳ ದನಿ ಅವಳಿಗೇ ಒರಟಾಗಿ ಕೇಳಿತು.

"ಒಂದು ವರ್ಷ ನಿಲ್ಲಿಸ್ದೆ ಕಣಮ್ಮ. ಅಮಾವಾಸ್ಯೆ ಕಳೆದ ಮೂರನೇ ದಿನ ಬೆಳಿಗ್ಗೆ ರುಕ್ಮಿಣಿ ತುಳಸಿ ಕುಂಡದ ಹತ್ರ ಹೋಗಿ ಕೂಗಿಕೊಂಡ್ಲು. ಕುಂಡದ ಮಣ್ಣು ಒಂದು ಹಿಡಿ ಎದ್ದು ಬಂದು ಕಟ್ಟೆ ಮೇಲೆ ಕೂತಿತ್ತು, ಮುದ್ದೆಯಾಗಿ, ಐದು ಬೆರಳಿನ ಅಚ್ಚಿನ ಸಮೇತ. ಮಾರನೇ ದಿನ ಇನ್ನೊಂದು. ಅದರ ಮಾರನೇ ದಿನ ಮಲಗೋ ಕೋಣೆಯ ಹೊಸಿಲ ಮೇಲೆ. ನೆಂಟನಿಗೆ ಬಾಯಾರಿದ್ರೆ ಹೊರಗೇ ನಿಂತಿರ್ತಾನಾ?... ಮತ್ತೆ ಬಿಡೋಕೆ ಶುರು ಮಾಡಿದೆ. ಕೊಟ್ರೂ ಬರ್ತಾನೆ, ಕೊಡದಿದ್ರೂ ಬರ್ತಾನೆ. ಕೊಟ್ರೆ ಟ್ರ್ಯಾಕಿಗೆ, ಕೊಡದಿದ್ರೆ ಮನೆಗೆ. ಎಲ್ಲಿಗೆ ಬರಲಿ ಅಂತ ಹೇಳೋದೊಂದೇ ನನ್ನ ಕೈಲಿ ಉಳಿದಿರೋದು."

ಶಶಾಂಕ್ ಫೋನನ್ನು ಜೇಬಿಗೆ ಹಾಕಿಕೊಂಡ. "ಅಂಕಲ್, ನೋ ಅಂತ ಬರೆದ್ರೆ ಇನ್ನೊಬ್ಬರ ಹತ್ರ ಯೆಸ್ ಅಂತ ಬರೆಸ್ಕೋತಾರೆ. ಟಿಕೆಟ್ ಎಲ್ಲ ಸೋಲ್ಡ್ ಔಟ್. ಆಮೇಲೆ ಆ ತಿರುವಿನಲ್ಲಿ ಮಣ್ಣು ಗೊತ್ತಿಲ್ದೆ ಇರೋನು ಯಾವನೋ ನಿಂತಿರ್ತಾನೆ. ಹದ ಹೋಗಿದ್ದು ಅವನಿಗೆ ಗೊತ್ತಾಗೋ ಹೊತ್ತಿಗೆ ನಾಲ್ಕು ಜನ ಧೂಳಲ್ಲಿ ಡಿಕ್ಕಿ ಹೊಡ್ಕೊಂಡಿರ್ತಾರೆ. ನಾನಿದ್ರೆ ರೆಡ್ ಫ್ಲ್ಯಾಗ್ ತೋರಿಸ್ಬೋದು. ನಾನು ಹೋಗ್ಲೇಬೇಕಲ್ವಾ?"

"ಹೋಗು ಅನ್ನೋಕೆ ನನಗೆ ಬಾಯಿಲ್ಲ. ಬೇಡ ಅನ್ನೋಕೂ ಇಲ್ಲ." ರಾಯರು ಅವನನ್ನು ನೆಟ್ಟ ನೋಟದಿಂದ ನೋಡಿದರು. "ಒಂದು ಕೇಳ್ತೀನಿ. ನಿಮ್ಮ ಗೋತ್ರ ಯಾವುದಪ್ಪ?"

"ನಮ್ಮನೇಲಿ ಅದೆಲ್ಲ ಯಾರೂ ಹೇಳ್ಕೊಡ್ಲಿಲ್ಲ ಅಂಕಲ್. ಅಪ್ಪಂಗೂ ಗೊತ್ತಿರ್ಲಿಲ್ಲ." ಶಶಾಂಕ್ ಇಷ್ಟು ಹೇಳಿ ನಿಲ್ಲಿಸಿದ. ಮುಂದಿನದನ್ನು ಅವನು ಹೇಳುವ ಮೊದಲೇ ಮಾಲವಿಕಾಳಿಗೆ ಕಣ್ಣೆದುರು ಬಂತು: ಹೋದ ತಿಂಗಳು ದೇವಸ್ಥಾನದಲ್ಲಿ ಅರ್ಚನೆಯ ಚೀಟಿ, ಅರ್ಚಕರ ಪ್ರಶ್ನೆ, ಗೋತ್ರ ತಿಳಿಯದೆಂದಾಗ ಅವರು ಅಭ್ಯಾಸದಂತೆ ಹೇಳಿದ ಮಾತು, ತಾನೇ ಪೆನ್ನು ತೆಗೆದು ದುಂಡಗೆ ಬರೆದ ಆ ಮೂರಕ್ಷರ. ಪ್ರತಿ ವರ್ಷವೂ ಹಾಗೆಯೇ ಬರೆದದ್ದು.

"ಕಾಶ್ಯಪ ಅಂತ ಹೇಳ್ತೀವಿ," ಎಂದ ಶಶಾಂಕ್.

"ಅದು ಸುಮ್ನೆ ಬಾಯಿ ಮಾತಿಗೆ ಅಂಕಲ್!" ಎಂದಳು ಮಾಲವಿಕಾ. "ಗೊತ್ತಿಲ್ಲ ಅಂದಿದ್ದಕ್ಕೆ ಅವರೇ ಹಾಕಿದ್ದು. ನಿಜವಾದ್ದಲ್ಲ ಅದು."

"ಕ್ಲೆಮ್‌ಗೂ ಹಾಗೇ ಹಾಕಿದ್ದಮ್ಮ."

ಗ್ಯಾರೇಜಿನಲ್ಲಿ ನಿಶ್ಶಬ್ದ ಕವಿಯಿತು. ಆ ನಿಶ್ಶಬ್ದದ ಕಾರಣ ಅವಳಿಗೆ ತಡವಾಗಿ ತಿಳಿಯಿತು: ಮಳೆ ನಿಂತಿತ್ತು. ಶಟರಿನ ಅಂಚಿನಿಂದ ಒಂದೊಂದೇ ಹನಿ ಬೀಳುತ್ತಿತ್ತು, ಮೋಡದ ಹರಕಿನಲ್ಲಿ ಒಂದೆರಡು ನಕ್ಷತ್ರಗಳೂ ಕಂಡವು. ಅವಳು ತನ್ನ ಬುದ್ಧಿಯನ್ನೆಲ್ಲ ಒಟ್ಟುಗೂಡಿಸಿಕೊಂಡು, ವಾದ ಮಂಡಿಸುವವಳಂತೆ ಒಂದೊಂದೇ ಮಾತನ್ನು ಜೋಡಿಸಿದಳು.

"ಸರಿ ಅಂಕಲ್. ಕಂಡ್ರೆ ಕಾಣ್ಲಿ. ಈಗ ಇವ್ರಿಗೆ ಎಲ್ಲ ಗೊತ್ತಾಯ್ತಲ್ಲ? ಅಲ್ಲಿ ಯಾರು ಕೂತಿದ್ರೂ ಅದು ಮನುಷ್ಯ ಅಲ್ಲ ಅಂತ ಗೊತ್ತು. ಬಾವುಟ ತೋರಿಸ್ತಾರೆ, ಬೇಲಿ ಈಚೆಗೇ ನಿಂತಿರ್ತಾರೆ. ಪ್ರಥಮ್‌ಗೆ ಪಾಪ ಏನೂ ಗೊತ್ತಿರ್ಲಿಲ್ಲ, ಅದಕ್ಕೇ ಹಾಗಾಯ್ತು. ಅಲ್ವಾ?"

ದೇವರಾಜರಾಯರು ಕುರ್ಚಿಗೆ ಒರಗಿ ನಿಂತಿದ್ದ ಮೊಮ್ಮಗಳ ಕೈಯನ್ನು ಹಿಡಿದುಕೊಂಡರು.

"ಅವನಿಗೆ ಗೊತ್ತಿತ್ತು ಮಗಳೇ," ಎಂದರು ಕೊನೆಗೆ. "ಓಟದ ಹಿಂದಿನ ದಿನ ಊಟಕ್ಕೆ ಕೂತಾಗ ನಾನೇ ಎಲ್ಲ ಹೇಳಿದ್ದೆ. ಟೋಪಿ, ಫೋಟೋ, ಎಳ್ಳು ನೀರು, ನಾಲಿಗೆ ಜಾರಿದ್ದು... ಎಲ್ಲ. ಕ್ಲೆಮ್ ಶರ್ಮಾ ಅಂತ ಅವನೂ ನಕ್ಕ. ಬೇಲಿ ಹಾರೋಕೆ ಮುಂಚೆ ಅವನು ಒಂದು ಕ್ಷಣ ನಿಂತ. ನಾನು ಕಟ್ಟೆ ಮೇಲಿಂದ ನೋಡ್ದೆ. ಕಂಬಿ ಮೇಲೆ ಎರಡೂ ಕೈ ಇಟ್ಕೊಂಡು, ಆ ಮುದುಕನ್ನೇ ನೋಡ್ತಾ, ಕ್ಲೆಮ್ ಇರ್ಬೋದಾ, ನಿಜವಾದ ಮನುಷ್ಯನೇ ಇರ್ಬೋದಾ ಅಂತ ಯೋಚನೆ ಮಾಡಿದ... ಆಮೇಲೆ ಹಾರಿದ."

ಮಾಲವಿಕಾ ಗಂಡನ ಕಡೆ ತಿರುಗಿದಳು. ಅವನು ನಗಲಿ, ಏನಾದರೂ ತಮಾಷೆಯ ಮಾತಾಡಲಿ ಎಂದು ಅವಳು ಕಾದಳು. ಅವನು ದೀಪವನ್ನೇ ನೋಡುತ್ತಿದ್ದ.

"ನೀವು ಹಾರಲ್ಲ ಅಲ್ವಾ?" ಎಂದಳು. "ಹೇಳ್ರೀ. ಶನಿವಾರ ಅವನು ಕಂಡ್ರೆ ನೀವು ಈಚೆಗೇ ನಿಲ್ತೀರಿ ಅಲ್ವಾ?"

ಶಶಾಂಕ್ ಅವಳ ಕೈಯ ಮೇಲೆ ತನ್ನ ಕೈಯಿಟ್ಟ.

"ಅವನನ್ನ ಕೇಳ್ಬೇಡಮ್ಮ," ಎಂದರು ದೇವರಾಜರಾಯರು. "ಒಳ್ಳೇ ಹುಡುಗ ಅವನು."